ಕಟ್ಟುವುದಾದರೆ ಯಾವ ಹಡಗು?

ಮಾದರಿ ಹಡಗನ್ನು ಕಟ್ಟಲು ಹೊರಡುವ ತರುಣನಿಗೆ ಮೊದಲು ಎದುರಾಗುವ ಕಷ್ಟವು ಉಳಿ ಗರಗಸಗಳದ್ದಲ್ಲ, ಆಯ್ಕೆಯದ್ದು. ಪೆಟ್ಟಿಗೆಯಲ್ಲಿ ಸಿದ್ಧವಾಗಿ ದೊರೆಯುವ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿನಿಂದ ಜೋಡಿಸುವವನಿಗೆ ಈ ಚಿಂತೆಯಿಲ್ಲ. ಅಂಗಡಿಯ ಕಪಾಟಿನಲ್ಲಿ ಇರುವುದೇ ಅವನ ಆಯ್ಕೆ. ಆದರೆ ನಾಲ್ಕು ಹಲಗೆ, ಒಂದಿಷ್ಟು ರಟ್ಟು, ತಾಮ್ರದ ತಂತಿ ಮತ್ತು ಒಂದು ನಕ್ಷೆ, ಇಷ್ಟನ್ನೇ ಮುಂದಿಟ್ಟುಕೊಂಡು ಬುಡದಿಂದ ತುದಿಯವರೆಗೆ ತಾನೇ ಕಟ್ಟುವವನು, ಕಡಲ ಮೇಲೆ ಎಂದಾದರೂ ತೇಲಿದ ಯಾವ ಹಡಗನ್ನು ಬೇಕಾದರೂ ಆರಿಸಿಕೊಳ್ಳಬಹುದು. ಇಂತಹ ಒಂದು ಮಾದರಿಗೆ ಬಿಡುವಿನ ಸಂಜೆಗಳನ್ನೆಲ್ಲ ಸುರಿದರೂ ಒಂದು ವರ್ಷ, ಕೆಲವೊಮ್ಮೆ ಎರಡು ಮೂರು ವರ್ಷಗಳೇ ಹಿಡಿಯುವುವು. ಅಟ್ಟದ ಮೇಲೆ ಧೂಳು ತಿನ್ನುತ್ತ ಕುಳಿತಿರುವ ಅರೆಮುಗಿದ ಹಡಗುಗಳ ಚರಿತ್ರೆಯನ್ನು ವಿಚಾರಿಸಿ ನೋಡಿದರೆ, ಕೈಯ ಕುಶಲತೆ ಸಾಲದೆ ನಿಂತುಹೋದವು ಕಡಮೆ. ಮೊದಲ ದಿನವೇ ಹೊರಲಾರದ ಹೊರೆಯನ್ನು ಆರಿಸಿಕೊಂಡುದರಿಂದ ನಿಂತವು ಹೆಚ್ಚು.

ನಾವು ಇಲ್ಲಿ ಜಪಾನಿನ ಸಮರನೌಕೆಗಳನ್ನು ಮಾತ್ರ ಎತ್ತಿಕೊಳ್ಳುವೆವು. ಇದಕ್ಕೆ ಕಾರಣವುಂಟು. ಇಪ್ಪತ್ತನೆಯ ಶತಮಾನವು ಹುಟ್ಟಿದಾಗ ತನ್ನ ದೊಡ್ಡ ಸಮರನೌಕೆಗಳನ್ನು ಇಂಗ್ಲೆಂಡಿನಲ್ಲಿ ಕಟ್ಟಿಸಿ ತರುತ್ತಿದ್ದ ಆ ದೇಶವು, ನಲವತ್ತು ವರ್ಷ ತುಂಬುವುದರೊಳಗೆ ಜಗತ್ತಿನಲ್ಲಿಯೇ ಅತ್ಯಂತ ದೊಡ್ಡ ಸಮರನೌಕೆಯನ್ನು ತನ್ನ ಕೈಯಿಂದಲೇ ಕಟ್ಟಿತು. ಈ ನಡುವೆ ಅಂತರರಾಷ್ಟ್ರೀಯ ಒಪ್ಪಂದಗಳು ಅದರ ನೌಕೆಗಳ ತೂಕಕ್ಕೆ ಮಿತಿಯನ್ನು ಹಾಕಿದುವು. ಚಿಕ್ಕ ಒಡಲಿನಲ್ಲಿ ದೊಡ್ಡ ಬಲವನ್ನು ತುಂಬುವ ಹಟದಲ್ಲಿ ಅಲ್ಲಿನ ಶಿಲ್ಪಿಗಳು ವಿಚಿತ್ರ ಆಕಾರಗಳನ್ನು ಸೃಷ್ಟಿಸಿದರು. ಅವುಗಳಲ್ಲಿ ಕೆಲವು ಅದ್ಭುತವಾಗಿ ನಡೆದುವು. ಕೆಲವು ಶಿಲ್ಪಿಯ ಲೆಕ್ಕದ ತಪ್ಪನ್ನು ನಾವಿಕರ ಪ್ರಾಣದಿಂದ ತೀರಿಸಿದುವು. ವಿಜ್ಞಾನದ ವಿದ್ಯಾರ್ಥಿಗೆ ಇದಕ್ಕಿಂತ ರಸವತ್ತಾದ ಕ್ಷೇತ್ರ ಬೇರೆ ದೊರೆಯುವುದು ಕಷ್ಟ.

ಹತ್ತು ಮಂದಿಯನ್ನು ಕೇಳಿದರೆ ಎಂಟು ಮಂದಿ ಹೇಳುವ ಹೆಸರು ‘ಯಮಾಟೊ’. ಆಶ್ಚರ್ಯವೇನೂ ಅಲ್ಲ. 263 ಮೀಟರ್ ಉದ್ದ, ಸುಮಾರು 39 ಮೀಟರ್ ಅಗಲ, ತುಂಬಿದ ಹೊರೆಯೊಡನೆ ಸುಮಾರು 72,800 ಟನ್ ತೂಕ. 46 ಸೆಂಟಿಮೀಟರ್ ಬಾಯಿಯ ಒಂಬತ್ತು ಫಿರಂಗಿಗಳು. 1937ರ ನವೆಂಬರಿನಲ್ಲಿ ಕುರೆ ಬಂದರಿನ ನೌಕಾಶಾಲೆಯಲ್ಲಿ ಅಡಿಪಾಯ ಹಾಕಿಸಿಕೊಂಡು 1941ರ ಡಿಸೆಂಬರಿನಲ್ಲಿ ಸೇವೆಗೆ ಸೇರಿದ ಈ ದೈತ್ಯ, 1945ರ ಏಪ್ರಿಲ್ 7ರಂದು ಒಕಿನಾವಾದ ಕಡೆಗೆ ಹೋಗುತ್ತಿದ್ದಾಗ ಅಮೆರಿಕದ ವಿಮಾನಗಳ ದಾಳಿಗೆ ಸಿಕ್ಕಿ ಸುಮಾರು ಮೂರು ಸಾವಿರ ಮಂದಿಯೊಡನೆ ಮುಳುಗಿತು.

ಆದರೆ ಮಾದರಿಕಾರನ ದೃಷ್ಟಿಯಿಂದ ನೋಡೋಣ. ಯಮಾಟೊವನ್ನು ಕಟ್ಟಿದುದು ಅತ್ಯಂತ ಗುಟ್ಟಿನಲ್ಲಿ. ಅದರ ಫಿರಂಗಿಗಳ ಅಳತೆಯನ್ನು ಸರಕಾರದ ಕಾಗದಗಳಲ್ಲಿಯೇ 40 ಸೆಂಟಿಮೀಟರ್ ಎಂದು ಸುಳ್ಳಾಗಿ ಬರೆದಿದ್ದರು. ನಾಗಸಾಕಿಯಲ್ಲಿ ಅದರ ಸೋದರಿ ‘ಮುಸಾಶಿ’ಯನ್ನು ಕಟ್ಟುವಾಗ ಊರಿನ ಜನರ ಕಣ್ಣಿಗೆ ಬೀಳದಿರಲೆಂದು ನಾರಿನ ಹಗ್ಗಗಳಿಂದ ನೇಯ್ದ ಭಾರಿ ಪರದೆಗಳನ್ನು ಇಳಿಯಬಿಟ್ಟಿದ್ದರು. 1945ರಲ್ಲಿ ಜಪಾನು ಶರಣಾಗುವ ಹೊತ್ತಿಗೆ ನಕ್ಷೆಗಳಲ್ಲಿ ಬಹುಪಾಲನ್ನು ಸುಟ್ಟುಹಾಕಿದರು. ಉಳಿದ ಛಾಯಾಚಿತ್ರಗಳೂ ಬೆರಳೆಣಿಕೆಯಷ್ಟೆ. ಹೀಗಾಗಿ ಜಗತ್ತಿನಲ್ಲಿ ಅತಿ ಹೆಚ್ಚು ಜನ ಕಟ್ಟುವ ಹಡಗು, ಅತಿ ಹೆಚ್ಚು ಊಹೆಯಿಂದ ಕಟ್ಟಬೇಕಾದ ಹಡಗುಗಳಲ್ಲಿಯೂ ಒಂದು. ಒಂದು ನಿದರ್ಶನ: ಅದರ ಮೂತಿಯ ಮೇಲಿದ್ದ ಸೇವಂತಿಗೆಯ ಲಾಂಛನದ ವ್ಯಾಸ ಒಂದೂವರೆ ಮೀಟರ್ ಎಂದು ಬಹುಕಾಲ ಎಲ್ಲರೂ ನಂಬಿದ್ದರು. 1999ರಲ್ಲಿ ಕಡಲ ತಳದ ಅವಶೇಷವನ್ನು ಪರಿಶೀಲಿಸಿದಾಗ ಅದು ಸುಮಾರು ಒಂದು ಮೀಟರ್ ಮಾತ್ರವೆಂದು ತಿಳಿದುಬಂದಿತು. ಅದುವರೆಗಿನ ಮಾದರಿಗಳೆಲ್ಲ ಮೂಗಿನ ಮೇಲೆಯೇ ಒಂದು ತಪ್ಪನ್ನು ಹೊತ್ತು ನಿಂತಿದ್ದುವು! 2005ರಲ್ಲಿ ಕುರೆ ನಗರದಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಯಮಾಟೊವಿನ ಹತ್ತನೆಯ ಒಂದು ಪ್ರಮಾಣದ ಮಾದರಿಯಿದೆ; ಅದರ ಉದ್ದವೇ 26.3 ಮೀಟರ್. ಅಷ್ಟು ಸಂಪನ್ಮೂಲವಿರುವವರು ಕಟ್ಟಲಿ. ನಮ್ಮ ಓದುಗರಿಗೆ ನಾವು ಯಮಾಟೊವನ್ನು ಸೂಚಿಸುವುದಿಲ್ಲ.

ಪ್ರಮಾಣದ ಮಾತು ಬಂದುದರಿಂದ ಸ್ವಲ್ಪ ಗಣಿತವನ್ನು ಇಲ್ಲಿಯೇ ಮುಗಿಸಿಬಿಡುವುದು ಒಳ್ಳೆಯದು. ಹಡಗನ್ನು ನೂರನೆಯ ಒಂದು ಪ್ರಮಾಣಕ್ಕೆ ಕುಗ್ಗಿಸಿದರೆ ಉದ್ದವು ನೂರು ಪಟ್ಟು ಕಡಮೆಯಾಗುವುದು. ಮೇಲ್ಮೈಯ ವಿಸ್ತೀರ್ಣವು ಕಡಮೆಯಾಗುವುದು ಹತ್ತು ಸಾವಿರ ಪಟ್ಟು. ಗಾತ್ರವೂ ಅದರೊಡನೆ ತೂಕವೂ ಹತ್ತು ಲಕ್ಷ ಪಟ್ಟು ಕುಗ್ಗುವುವು. ಎಂದರೆ ಟನ್ನುಗಳಲ್ಲಿರುವ ಹಡಗಿನ ತೂಕವನ್ನು ಗ್ರಾಮುಗಳಲ್ಲಿ ಓದಿಕೊಂಡರೆ ಸಾಕು, ಮಾದರಿಯ ತೂಕ ದೊರೆಯುವುದು. 72,800 ಟನ್ನಿನ ಯಮಾಟೊ ಈ ಪ್ರಮಾಣದಲ್ಲಿ 72.8 ಕಿಲೋಗ್ರಾಮ್ ತೂಗುವುದು. ಉದ್ದ 2 ಮೀಟರ್ 63 ಸೆಂಟಿಮೀಟರ್. ಇದನ್ನು ಕೆರೆಗೆ ಒಯ್ಯಲು ನಾಲ್ಕು ಜನ ಹೆಗಲು ಕೊಡಬೇಕು. ಅದು ಮನೆಯ ಬಾಗಿಲಲ್ಲಿ ತಿರುಗೀತೆ ಎಂಬುದು ಬೇರೆಯ ಪ್ರಶ್ನೆ.

ಹಾಗಾದರೆ ಇನ್ನೂ ಚಿಕ್ಕದಾಗಿ ಮಾಡೋಣವೆಂದರೆ ಬೇರೊಂದು ಗೋಡೆ ಎದುರಾಗುವುದು. ಪ್ಲಾಸ್ಟಿಕ್ ಮಾದರಿಗಳಲ್ಲಿ ಬಹಳ ಪ್ರಚಾರದಲ್ಲಿರುವ ಏಳುನೂರನೆಯ ಒಂದು ಪ್ರಮಾಣದಲ್ಲಿ ಯಮಾಟೊ 38 ಸೆಂಟಿಮೀಟರಿಗೂ ತುಸು ಕಡಮೆ. ಮೇಜಿನ ಮೇಲೆ ಅಂದವಾಗಿ ಕೂಡುವುದು. ಆದರೆ ಅದರ ಮೇಲೆ ನಿಂತ ನಾವಿಕನ ಎತ್ತರ ಎರಡೂವರೆ ಮಿಲಿಮೀಟರ್ ಕೂಡ ಇಲ್ಲ. ಅವನು ಹಿಡಿದ ಎರಡು ಸೆಂಟಿಮೀಟರ್ ದಪ್ಪದ ಕಂಬಿಯು ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗವಾಗುವುದು. ನಮ್ಮ ತಲೆಗೂದಲೂ ಅದಕ್ಕಿಂತ ದಪ್ಪ. ಜೀವಮಾನದ ಕೊನೆಯಲ್ಲಿ ಯಮಾಟೊವಿನ ಮೇಲೆ 25 ಮಿಲಿಮೀಟರಿನ ವಿಮಾನನಿರೋಧಕ ಬಂದೂಕುಗಳ ನಳಿಗೆಗಳೇ 150ರ ಆಸುಪಾಸಿನಲ್ಲಿದ್ದುವು. ಕೂದಲಿಗಿಂತ ತೆಳುವಾದ ನೂರೈವತ್ತು ನಳಿಗೆಗಳನ್ನು ಕೈಯಿಂದ ಮಾಡುತ್ತ ಕುಳಿತವನ ಉತ್ಸಾಹ ಎಷ್ಟನೆಯ ನಳಿಗೆಯಲ್ಲಿ ಬತ್ತುವುದೋ ಓದುಗರೇ ಊಹಿಸಿಕೊಳ್ಳಲಿ. ನೂರನೆಯ ಒಂದು ಪ್ರಮಾಣದಲ್ಲಾದರೆ ಅದೇ ಕಂಬಿ 0.2 ಮಿಲಿಮೀಟರ್ ಆಗುವುದು. ಹಳೆಯ ವಿದ್ಯುತ್ ತಂತಿಯ ಹೊದಿಕೆಯನ್ನು ಸುಲಿದರೆ ಒಳಗಿನ ತಾಮ್ರದ ಎಳೆಗಳಲ್ಲಿ ಸುಮಾರು ಅಷ್ಟೇ ದಪ್ಪದ್ದು ಸಿಕ್ಕುವುದು. ಆದುದರಿಂದ ನಾವು ಪ್ರಮಾಣವನ್ನು ಮೊದಲು ಗೊತ್ತುಮಾಡಿಕೊಂಡು, ಅದಕ್ಕೆ ಹೊಂದುವ ಹಡಗನ್ನು ಅನಂತರ ಹುಡುಕಬೇಕು. ಬಹುಮಂದಿ ಮಾಡುವುದು ಇದರ ತಿರುವುಮುರುವು. ಪ್ರಮಾಣ ನೂರನೆಯ ಒಂದು. ಉದ್ದ ಒಂದು ಮೀಟರಿಗೆ ಹೆಚ್ಚು ಮೀರಬಾರದು. ಇದು ನಮ್ಮ ತೀರ್ಮಾನ. ಎಂದರೆ ನಿಜವಾದ ಹಡಗು ನೂರು ಮೀಟರಿನ ಒಳಗೋ ಹೊರಗೋ ಇರಬೇಕು.

ಕಣ್ಣಾರೆ ಕಂಡು, ಮುಟ್ಟಿ, ಅಳೆಯಬಹುದಾದ ಹಡಗನ್ನು ಆರಿಸಿಕೊಂಡರೆ ಊಹೆಯ ಕಾಟವಿಲ್ಲವಷ್ಟೆ ಎಂದು ಕೆಲವರು ಹೇಳಬಹುದು. ಯೊಕೊಸುಕಾ ನಗರದ ದಂಡೆಯಲ್ಲಿ ‘ಮಿಕಾಸಾ’ ಇಂದಿಗೂ ನಿಂತಿದೆ. ಇಂಗ್ಲೆಂಡಿನ ಬ್ಯಾರೊ ಪಟ್ಟಣದ ವಿಕರ್ಸ್ ಕಾರ್ಖಾನೆಯಲ್ಲಿ 1900ರಲ್ಲಿ ನೀರಿಗಿಳಿದು, 1905ರ ಮೇ ತಿಂಗಳಿನ ತ್ಸುಷಿಮಾ ಕದನದಲ್ಲಿ ಅಡ್ಮಿರಲ್ ಟೋಗೊ ಅವರ ಧ್ವಜನೌಕೆಯಾಗಿದ್ದ ಹಡಗು ಅದು. ಉದ್ದ ಸುಮಾರು 132 ಮೀಟರ್. ನಮ್ಮ ಮಿತಿಯನ್ನು ಕೊಂಚ ಮೀರಿದೆ, ಆದರೂ ಕ್ಷಮಿಸಬಹುದು. ಆದರೆ ಈ ಸಾಕ್ಷಿಯೂ ಪೂರ್ಣಸಾಕ್ಷಿಯಲ್ಲ. ಎರಡನೆಯ ಮಹಾಯುದ್ಧದ ಅನಂತರ ಮಿಕಾಸಾದ ಫಿರಂಗಿ, ಕೂವೆ, ಹೊಗೆಗೂಡುಗಳನ್ನೆಲ್ಲ ಕಿತ್ತುಹಾಕಿ ಅದರ ಮೇಲೆ ನೃತ್ಯಶಾಲೆಯನ್ನೂ ಮತ್ಸ್ಯಾಲಯವನ್ನೂ ನಡೆಸಿದರು. 1961ರಲ್ಲಿ ಜೀರ್ಣೋದ್ಧಾರ ಮುಗಿದಾಗ ಮೇಲ್ಭಾಗದ ಬಹಳಷ್ಟನ್ನು ಹೊಸದಾಗಿ ಮಾಡಿ ಕೂರಿಸಬೇಕಾಗಿದ್ದಿತು. ಜಪಾನಿನಲ್ಲಿ ಒಡೆಯಲೆಂದು ಬಂದಿದ್ದ ಚಿಲಿ ದೇಶದ ಹಳೆಯ ಸಮರನೌಕೆಯೊಂದರಿಂದಲೂ ಕೆಲವು ಭಾಗಗಳನ್ನು ತೆಗೆದುಕೊಂಡರು. ನೀರಿನ ಕೆಳಗಿರಬೇಕಾದ ಒಡಲು ನೆಲದಲ್ಲಿ ಹೂತಿರುವುದರಿಂದ ಅದನ್ನು ನೋಡುವಂತೆಯೇ ಇಲ್ಲ. ದಂಡೆಯ ಮೇಲಿನ ಮಿಕಾಸಾವನ್ನು ಕಂಡಂತೆ ಕಟ್ಟಿದವನು 1905ರ ಮಿಕಾಸಾವನ್ನು ಕಟ್ಟಿದಂತಾಗುವುದಿಲ್ಲ.

ಇಲ್ಲಿಂದ ಇನ್ನೊಂದು ಸೂಕ್ಷ್ಮ ಹೊರಡುವುದು. ಹಡಗೆಂಬುದು ಒಂದೇ ವಸ್ತುವಲ್ಲ. ‘ಅಕಾಗಿ’ ಎಂಬ ವಿಮಾನವಾಹಕ ನೌಕೆಯು 1927ರಲ್ಲಿ ಮೆಟ್ಟಿಲುಗಳಂತೆ ಒಂದರ ಮೇಲೊಂದು ಮೂರು ಹಾರುಗಟ್ಟೆಗಳನ್ನು ಹೊತ್ತಿದ್ದಿತು. 1938ರಲ್ಲಿ ಪುನರ್ನಿರ್ಮಾಣ ಮುಗಿದಾಗ ಒಂದೇ ಉದ್ದನೆಯ ಗಟ್ಟೆಯನ್ನು ಹೊತ್ತು ಹೊರಬಂದಿತು. ಹೆಸರೊಂದೇ, ಆಕಾರಗಳೆರಡು. ಆದುದರಿಂದ ಯಾವ ಹಡಗು ಎಂಬ ಪ್ರಶ್ನೆಯ ಹಿಂದೆಯೇ ಯಾವ ವರ್ಷದ ಹಡಗು ಎಂಬ ಪ್ರಶ್ನೆಯೂ ಬರುವುದು. ಬೇರೆ ಬೇರೆ ಕಾಲದ ಚಿತ್ರಗಳನ್ನು ನೋಡಿ ಅಲ್ಲಿಂದೊಂದು ಇಲ್ಲಿಂದೊಂದು ಅಂಗವನ್ನು ಸೇರಿಸಿದರೆ, ಯಾವ ದಿನವೂ ತೇಲದಿದ್ದ ಹಡಗೊಂದು ಹುಟ್ಟುವುದು.

ನಕ್ಷೆಗಳು ಉಳಿದಿರುವ ಹಡಗನ್ನು ಬಯಸುವವರಿಗೆ ‘ಯೂಬರಿ’ಯನ್ನು ನಾವು ಸಂತೋಷದಿಂದ ಸೂಚಿಸಬಲ್ಲೆವು. ಜಪಾನಿನ ನೌಕಾಶಿಲ್ಪಿಗಳಲ್ಲಿ ಅಗ್ರಗಣ್ಯರಾದ ಹಿರಾಗಾ ಯುಜುರು ಅವರು ಪ್ರಯೋಗಾರ್ಥವಾಗಿ ರಚಿಸಿದ ಈ ಹಗುರ ಕ್ರೂಸರ್ 1923ರಲ್ಲಿ ಸಿದ್ಧವಾಯಿತು. 5,500 ಟನ್ನಿನ ಕ್ರೂಸರುಗಳು ಒಂದು ಮಗ್ಗುಲಿಗೆ ತಿರುಗಿಸಬಲ್ಲ ಆರು ಫಿರಂಗಿಗಳ ಬಲವನ್ನು ಅವರು ಸುಮಾರು 3,000 ಟನ್ನಿನ ಒಡಲಿನಲ್ಲಿ ಅಳವಡಿಸಿದರು. ಇದರ ಗುಟ್ಟು ಸೊಗಸಾದುದು. ಅಲ್ಲಿಯವರೆಗೆ ರಕ್ಷಣೆಯ ಉಕ್ಕಿನ ಕವಚವನ್ನು ಒಡಲಿಗೆ ಹೊರಗಿನಿಂದ ತೊಡಿಸುತ್ತಿದ್ದರು. ಅದು ಬರಿಯ ಹೊರೆ. ಹಿರಾಗಾ ಅವರು ಕವಚವನ್ನೇ ಒಡಲಿನ ಎಲುಬಾಗಿ ಮಾಡಿ, ರಕ್ಷಣೆ ಮತ್ತು ಬಲ ಎರಡನ್ನೂ ಒಂದೇ ಉಕ್ಕಿನಿಂದ ಪಡೆದರು. ಹಲವು ಹೊಗೆಗೂಡುಗಳಿಗೆ ಬದಲಾಗಿ ಕೆಳಗಿನ ಕೊಳವೆಗಳನ್ನೆಲ್ಲ ಬಗ್ಗಿಸಿ ಒಂದೇ ಗೂಡಿಗೆ ತಂದರು. ಇದು ಮಾದರಿಕಾರನಿಗೂ ಉಪಕಾರವಾಯಿತು. ಆ ಬಾಗಿದ ಹೊಗೆಗೂಡು ಯೂಬರಿಯ ಮುಖಲಕ್ಷಣ. ಹಿರಾಗಾ ಅವರ ಕಾಗದಪತ್ರಗಳೂ ನಕ್ಷೆಗಳೂ ಟೋಕಿಯೊ ವಿಶ್ವವಿದ್ಯಾನಿಲಯದಲ್ಲಿ ಉಳಿದಿವೆ, ಅವುಗಳ ಪ್ರತಿಗಳನ್ನು ಗಣಕದ ಮೂಲಕ ಯಾರು ಬೇಕಾದರೂ ನೋಡುವಂತೆ ಪ್ರಕಟಿಸಿದ್ದಾರೆ. ಯೂಬರಿಯ ಉದ್ದ 139 ಮೀಟರ್. ಅದೊಂದೇ ಅದರ ದೋಷ.

ಆದರೆ ನಮ್ಮ ಆಯ್ಕೆ ಯೂಬರಿಯೂ ಅಲ್ಲ. ಹೆಸರುವಾಸಿಯಲ್ಲದ, ಬಹುಮಂದಿ ಕೇಳಿಯೂ ಇರದ ಒಂದು ಪುಟ್ಟ ನೌಕೆಯನ್ನು ನಾವು ಮುಂದಿಡುವೆವು. ಅದರ ಹೆಸರು ‘ತೊಮೊಜುರು’.

1922ರ ವಾಷಿಂಗ್ಟನ್ ಒಪ್ಪಂದವು ದೊಡ್ಡ ಸಮರನೌಕೆಗಳಿಗೆ ಮಿತಿ ಹಾಕಿತು. 1930ರ ಲಂಡನ್ ಒಪ್ಪಂದವು ಕ್ರೂಸರುಗಳನ್ನೂ ವಿನಾಶಕ ನೌಕೆಗಳನ್ನೂ ಲೆಕ್ಕಕ್ಕೆ ತಂದಿತು. ಆದರೆ 600 ಟನ್ನಿಗಿಂತ ಚಿಕ್ಕ ನೌಕೆಗಳನ್ನು ಯಾರೂ ಎಣಿಸುವಂತಿರಲಿಲ್ಲ. ಬೇಲಿಯಲ್ಲಿ ಕಂಡ ಈ ಕಂಡಿಯಲ್ಲಿ ಜಪಾನಿನ ನೌಕಾಪಡೆ ನುಸುಳಿತು. 535 ಟನ್ನಿನ ‘ಟಾರ್ಪೆಡೊ ದೋಣಿ’ ಎಂಬ ಹೊಸ ವರ್ಗವೊಂದು ಹುಟ್ಟಿತು. ಚಿದೊರಿ, ಮನಾಜುರು, ತೊಮೊಜುರು, ಹತ್ಸುಕರಿ ಎಂದು ನಾಲ್ಕು ನೌಕೆಗಳು. ನಾಲ್ಕೂ ಹಕ್ಕಿಗಳ ಹೆಸರುಗಳೇ. ಚಿದೊರಿ ಎಂದರೆ ಟಿಟ್ಟಿಭದ ಬಳಗಕ್ಕೆ ಸೇರಿದ ಹಕ್ಕಿ. ತೊಮೊಜುರು ಎಂದರೆ ಜೊತೆಗಾರ ಸಾರಸ. ಹೆಸರು ಹಗುರ, ಹೊರೆ ಮಾತ್ರ ಹಗುರವಾಗಿರಲಿಲ್ಲ. 82 ಮೀಟರ್ ಉದ್ದ, 7.4 ಮೀಟರ್ ಅಗಲದ ಆ ಸಪೂರ ಒಡಲಿನ ಮೇಲೆ 12.7 ಸೆಂಟಿಮೀಟರಿನ ಮೂರು ಫಿರಂಗಿಗಳನ್ನೂ ನಾಲ್ಕು ಟಾರ್ಪೆಡೊ ಕೊಳವೆಗಳನ್ನೂ ಏರಿಸಿದ್ದರು. ಅದಕ್ಕಿಂತ ಎರಡು ಮೂರು ಪಟ್ಟು ತೂಕದ ವಿನಾಶಕ ನೌಕೆಗಳು ಹೊರುತ್ತಿದ್ದ ಜಾತಿಯ ಆಯುಧಗಳು ಅವು. ಮೇಲೆ ಎತ್ತರವಾದ ಚಾಲಕಮಂಟಪ ಬೇರೆ.

ತೊಮೊಜುರು ಸೇವೆಗೆ ಸೇರಿದುದು 1934ರ ಫೆಬ್ರುವರಿಯ ಕೊನೆಯಲ್ಲಿ. ಮೂರು ವಾರವೂ ತುಂಬಿರಲಿಲ್ಲ. ಮಾರ್ಚ್ 12ರ ಬೆಳಗಿನ ಜಾವದ ಕತ್ತಲಲ್ಲಿ, ಅಭ್ಯಾಸ ಮುಗಿಸಿ ‘ತತ್ಸುತಾ’ ಎಂಬ ಕ್ರೂಸರಿನ ಹಿಂದೆ ಸಸೆಬೊ ಬಂದರಿಗೆ ಮರಳುತ್ತಿದ್ದಾಗ, ಬಿರುಗಾಳಿಗೆ ಎದ್ದ ಅಲೆಗಳ ನಡುವೆ ಅದರ ದೀಪಗಳು ಕಾಣದಾದುವು. ಮಧ್ಯಾಹ್ನದ ಹೊತ್ತಿಗೆ ಹುಡುಕಿದವರಿಗೆ ಕಂಡುದು ಮಗುಚಿ, ಅಡಿ ಮೇಲಾಗಿ ತೇಲುತ್ತಿದ್ದ ಒಡಲು. 113 ಮಂದಿಯಲ್ಲಿ 100 ಮಂದಿ ಸತ್ತಿದ್ದರು. ಶತ್ರುವಿಲ್ಲ, ಗುಂಡಿಲ್ಲ, ಬಂಡೆಯಿಲ್ಲ. ಹಡಗು ತನ್ನ ತಲೆಯ ಭಾರಕ್ಕೆ ತಾನೇ ಉರುಳಿತ್ತು.

ಇದು ಹೇಗಾಯಿತೆಂಬುದನ್ನು ತಿಳಿಯಲು ಮೂರು ಬಿಂದುಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹಡಗಿನ ತೂಕವೆಲ್ಲ ಒಂದೆಡೆ ಸೇರಿ ಕೆಳಕ್ಕೆ ಎಳೆಯುತ್ತಿರುವುದೆಂದು ಭಾವಿಸಬಹುದಾದ ಬಿಂದು ಗುರುತ್ವಕೇಂದ್ರ. ಹಡಗು ಪಕ್ಕಕ್ಕೆ ಸರಿಸಿದ ನೀರು ಅದನ್ನು ಮೇಲಕ್ಕೆ ನೂಕುವುದಷ್ಟೆ. ಆ ನೂಕು ಸೇರುವ ಬಿಂದು ಪ್ಲವನಕೇಂದ್ರ. ಹಡಗು ನೆಟ್ಟಗಿರುವಾಗ ಈ ಎರಡೂ ಒಂದೇ ಲಂಬರೇಖೆಯಲ್ಲಿ ಇರುವುವು. ಹಡಗು ಒಂದು ಮಗ್ಗುಲಿಗೆ ಓಲಿತೆನ್ನಿ. ಆ ಮಗ್ಗುಲು ಹೆಚ್ಚು ಮುಳುಗುವುದರಿಂದ ಪ್ಲವನಕೇಂದ್ರವೂ ಆ ಕಡೆಗೆ ಸರಿಯುವುದು. ಅಲ್ಲಿಂದ ನೇರ ಮೇಲಕ್ಕೆ ಎಳೆದ ಗೆರೆಯು ಹಡಗಿನ ನಡುಗೆರೆಯನ್ನು ಸಂಧಿಸುವ ಸ್ಥಾನವೇ ಮೂರನೆಯ ಬಿಂದು. ಇದನ್ನು ಮೆಟಾಸೆಂಟರ್ ಎನ್ನುವರು. ಗುರುತ್ವಕೇಂದ್ರವು ಮೆಟಾಸೆಂಟರಿಗಿಂತ ಕೆಳಗಿದ್ದರೆ ನೂಕು ಮತ್ತು ಎಳೆತ ಸೇರಿ ಹಡಗನ್ನು ನೆಟ್ಟಗೆ ಮಾಡುವುವು. ಮೇಲಕ್ಕೆ ಹೋದರೆ ಅವೇ ಬಲಗಳು ಸೇರಿ ಮಗುಚುವುವು. ಮಕ್ಕಳು ಆಡುವ, ಎಷ್ಟು ಬೀಳಿಸಿದರೂ ಏಳುವ ಬೊಂಬೆಯ ಬುಡದಲ್ಲಿ ಭಾರವಿಟ್ಟಿರುವುದೂ ಇಂತಹ ತತ್ತ್ವದಿಂದಲೇ.

ಅಗಲ 7.4 ಮೀಟರ್, ಮುಳುಗಿದ ಆಳ 2.5 ಮೀಟರ್ ಇರುವ ಚೌಕು ಪೆಟ್ಟಿಗೆಯೊಂದನ್ನು ನೀರಿನಲ್ಲಿ ತೇಲಬಿಟ್ಟಿದ್ದೇವೆಂದು ಎಣಿಸಿಕೊಳ್ಳೋಣ. ಅದರ ಪ್ಲವನಕೇಂದ್ರವು ಮುಳುಗಿದ ಆಳದ ಅರ್ಧದಲ್ಲಿ, ಎಂದರೆ ತಳದಿಂದ 1.25 ಮೀಟರ್ ಮೇಲೆ ಇರುವುದು. ಅಲ್ಲಿಂದ ಮೆಟಾಸೆಂಟರಿಗೆ ಇರುವ ಎತ್ತರವನ್ನು ತಿಳಿಯಲು ಅಗಲದ ವರ್ಗವನ್ನು ಆಳದ ಹನ್ನೆರಡರಷ್ಟರಿಂದ ಭಾಗಿಸಬೇಕು, 1.83 ಮೀಟರ್ ಬರುವುದು. ಎರಡನ್ನೂ ಕೂಡಿದರೆ ತಳದಿಂದ ಸುಮಾರು 3.1 ಮೀಟರ್. ಈ ಪೆಟ್ಟಿಗೆಯ ಗುರುತ್ವಕೇಂದ್ರ ಆ ಎತ್ತರವನ್ನು ಮುಟ್ಟಿದರೆ ಅದರ ಕಥೆ ಮುಗಿಯಿತು. ಮೊನಚಾದ ನಿಜವಾದ ಒಡಲಿನ ಲೆಕ್ಕ ಇಷ್ಟು ಸರಳವಲ್ಲ, ಅದರ ಅಂಕಿಯೂ ಬೇರೆಯಾಗುವುದು. ಆದರೆ ಅಗಲದ ವರ್ಗವು ಎಷ್ಟು ಮುಖ್ಯವೆಂಬುದನ್ನು ಪೆಟ್ಟಿಗೆಯೇ ತಿಳಿಸಿಕೊಡುವುದು. ಸಪೂರವಾದ ನೌಕೆ ವೇಗವಾಗಿ ಓಡುವುದು, ಬೇಗ ಉರುಳುವುದು. ತೊಮೊಜುರುವಿನಲ್ಲಿ ಗಟ್ಟೆಯ ಮೇಲೆ ಏರಿಸಿದ ಪ್ರತಿಯೊಂದು ಟನ್ನೂ ಗುರುತ್ವಕೇಂದ್ರವನ್ನು ಮೇಲೆತ್ತಿತು. ಗಾಳಿಗೆ ಮೈಯೊಡ್ಡಿದ ಎತ್ತರದ ಮಂಟಪವು ಓಲಾಟವನ್ನು ಹೆಚ್ಚಿಸಿತು. ಸ್ವಲ್ಪ ಓಲಿದಾಗ ಎದ್ದು ನಿಲ್ಲುತ್ತಿದ್ದ ನೌಕೆ, ಒಂದು ಮಿತಿಯ ಆಚೆಗೆ ಓಲಿದಾಗ ಏಳುವ ಶಕ್ತಿಯನ್ನೇ ಕಳೆದುಕೊಂಡಿತು.

ಈ ಅಪಘಾತದ ಪರಿಣಾಮ ಒಂದು ನೌಕೆಗೆ ನಿಲ್ಲಲಿಲ್ಲ. ಇಂತಹ ನೌಕೆಗಳ ರಚನೆಗೆ ಹೊಣೆಯಾಗಿದ್ದ ಶಿಲ್ಪಿ ಫುಜಿಮೊಟೊ ಕಿಕುವೊ ಅವರನ್ನು ಅಧಿಕಾರದಿಂದ ದೂರವಿರಿಸಿದರು. ಅವರು 1935ರ ಜನವರಿಯಲ್ಲಿ ತೀರಿಕೊಂಡರು. ಬದಿಗೆ ಸರಿಸಲ್ಪಟ್ಟಿದ್ದ ಹಿರಾಗಾ ಅವರನ್ನು ಸಲಹೆಗಾಗಿ ಮತ್ತೆ ಕರೆದರು. ಎಲ್ಲ ಹೊಸ ನೌಕೆಗಳ ಲೆಕ್ಕವನ್ನೂ ಮರುಪರೀಕ್ಷೆ ಮಾಡಬೇಕಾಯಿತು. 1935ರ ಸೆಪ್ಟೆಂಬರಿನಲ್ಲಿ ಚಂಡಮಾರುತಕ್ಕೆ ಸಿಕ್ಕಿದ ನಾಲ್ಕನೆಯ ನೌಕಾದಳದ ಎರಡು ವಿನಾಶಕ ನೌಕೆಗಳ ಮೂತಿಗಳೇ ಮುರಿದುಹೋದುವು; ಆಗ ಒಡಲಿನ ಬಲವನ್ನೂ ಪರೀಕ್ಷಿಸಿ ಮತ್ತೊಮ್ಮೆ ದುರಸ್ತಿ ಮಾಡಿದರು. ಹೀಗೆ ಸರಿಪಡಿಸಿಕೊಂಡ ನೌಕೆಗಳಲ್ಲಿ ‘ರ್ಯೂಜೊ’ ಎಂಬ ಚಿಕ್ಕ ವಿಮಾನವಾಹಕವೂ ಒಂದು. ಅದರದೂ ತಲೆಭಾರದ ಕಾಯಿಲೆಯೇ. ನಮ್ಮ ದೇಶಕ್ಕೂ ಅದಕ್ಕೂ ಒಂದು ಸಂಬಂಧವಿದೆ: 1942ರ ಏಪ್ರಿಲ್ 6ರಂದು ಬಂಗಾಳ ಕೊಲ್ಲಿಯಿಂದ ಹಾರಿಬಂದು ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಬಾಂಬುಗಳನ್ನು ಹಾಕಿದ ವಿಮಾನಗಳು ರ್ಯೂಜೊವಿನವು.

ತೊಮೊಜುರುವನ್ನು ಮಗುಚಿದ ಸ್ಥಿತಿಯಲ್ಲಿಯೇ ಸಸೆಬೊಗೆ ಎಳೆತಂದು, ನೆಟ್ಟಗೆ ಮಾಡಿ, ಮತ್ತೆ ಸೇವೆಗೆ ಸಿದ್ಧಪಡಿಸಿದರು. 12.7 ಸೆಂಟಿಮೀಟರಿನ ಫಿರಂಗಿಗಳು ಹೋಗಿ 12 ಸೆಂಟಿಮೀಟರಿನ ಹಗುರವಾದ ಫಿರಂಗಿಗಳು ಬಂದುವು, ಟಾರ್ಪೆಡೊ ಕೊಳವೆಗಳು ನಾಲ್ಕರಿಂದ ಎರಡಕ್ಕೆ ಇಳಿದುವು, ಚಾಲಕಮಂಟಪವನ್ನು ತಗ್ಗಿಸಿದರು, ತಳದಲ್ಲಿ ಭಾರವನ್ನು ಸೇರಿಸಿ ಒಡಲಿನ ಅಡಿಯಲ್ಲಿಯೂ ಮಾರ್ಪಾಟುಗಳನ್ನು ಮಾಡಿದರು. ವೇಗ ಕುಗ್ಗಿತು, ಆದರೆ ನೌಕೆ ನಿಂತಿತು. ಮುಂದೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಅದು ಬಾಳಿ, 1945ರ ಮಾರ್ಚಿನಲ್ಲಿ ವಿಮಾನಗಳ ದಾಳಿಗೆ ಸಿಕ್ಕಿ ಮುಳುಗಿತು.

ಈಗ ನಮ್ಮ ಆಯ್ಕೆಯ ಕಾರಣ ಓದುಗರಿಗೆ ಹೊಳೆದಿರಬೇಕು. ನೂರನೆಯ ಒಂದು ಪ್ರಮಾಣದಲ್ಲಿ ತೊಮೊಜುರು 82 ಸೆಂಟಿಮೀಟರ್. ಪುಸ್ತಕದ ಬೀರುವಿನ ಮೇಲೆ ಕೂಡುವುದು, ಬಕುಳಲ್ಲಿ ಹಿಡಿದು ಕೆರೆಗೂ ಒಯ್ಯಬಹುದು. ಫಿರಂಗಿಗಳು ಮೂರೇ. ವರ್ಷದ ಪ್ರಶ್ನೆಗೂ ತಕರಾರಿಲ್ಲ: 1934ರ ಮಾರ್ಚ್ 12ಕ್ಕೆ ಮೊದಲಿನ ರೂಪ ಒಂದು, ಅನಂತರದ ರೂಪ ಇನ್ನೊಂದು. ಎಲ್ಲಕ್ಕಿಂತ ಹೆಚ್ಚಾಗಿ, ಉಳಿದ ಮಾದರಿಗಳು ನೋಡುವುದಕ್ಕಾದರೆ ಇದು ಪ್ರಯೋಗಕ್ಕೂ ಆದೀತು. ನಿಜವಾದ ಹಡಗನ್ನು ಉರುಳಿಸಿದ ನಿಯಮಗಳೇ 82 ಸೆಂಟಿಮೀಟರಿನ ಮಾದರಿಯನ್ನೂ ಆಳುವುವು.

ಆದರೆ ತೇಲುವ ಮಾದರಿಯ ತೂಕ ಕಟ್ಟುನಿಟ್ಟಿನದು. ಲೆಕ್ಕದ ಅನುಕೂಲಕ್ಕಾಗಿ ಹೊರೆಯೊಡನೆ ಹಡಗನ್ನು 600 ಟನ್ ಎಂದು ಹಿಡಿಯೋಣ. ಮಾದರಿ 600 ಗ್ರಾಮ್ ಆಗಬೇಕು. ಇದರಲ್ಲಿಯೂ ಒಂದು ಸೂಕ್ಷ್ಮವಿದೆ. ಹಡಗು ತೇಲಿದುದು ಉಪ್ಪುನೀರಿನಲ್ಲಿ, ಮಾದರಿ ತೇಲುವುದು ಬಾವಿಯ ಸಿಹಿನೀರಿನಲ್ಲಿ. ಕಡಲ ನೀರು ನೂರಕ್ಕೆ ಎರಡೂವರೆ ಪಾಲು ಹೆಚ್ಚು ಸಾಂದ್ರವಾಗಿರುವುದರಿಂದ, ನೀರಿನ ಗೆರೆ ಸರಿಯಾದ ಸ್ಥಳದಲ್ಲಿ ಬರಬೇಕಾದರೆ ಮಾದರಿಯ ತೂಕ 585 ಗ್ರಾಮಿಗೆ ಇಳಿಯಬೇಕು. ಇನ್ನು ಒಡಲಿನ ಮೇಲ್ಮೈ ಸುಮಾರು 1,200 ಚದರ ಸೆಂಟಿಮೀಟರ್ ಬಂದೀತು. ಹಗುರವಾದ ಮರದ ಒಂದು ಘನ ಸೆಂಟಿಮೀಟರ್ ಅರ್ಧ ಗ್ರಾಮ್ ತೂಗುವುದೆಂದು ಇಟ್ಟುಕೊಂಡರೆ, ಒಂದು ಸೆಂಟಿಮೀಟರ್ ದಪ್ಪದ ಗೋಡೆಯುಳ್ಳ ಒಡಲೊಂದೇ 600 ಗ್ರಾಮ್ ನುಂಗಿಬಿಡುವುದು! ಗೋಡೆಯನ್ನು ಮೂರು ಮಿಲಿಮೀಟರಿಗೆ ಕೆತ್ತಿದರೆ 180 ಗ್ರಾಮಿನಲ್ಲಿ ಮುಗಿಯುವುದು. ತೆಳುವಾದ ಹಲಗೆಗಳನ್ನು ನಕ್ಷೆಯ ಅಡ್ಡಕೊಯ್ತದಂತೆ ಕತ್ತರಿಸಿ, ನಡುವನ್ನು ಮೊದಲೇ ತೆಗೆದು, ಒಂದರ ಮೇಲೊಂದು ಅಂಟಿಸಿ, ಹೊರಗಿನ ಮೆಟ್ಟಿಲುಗಳನ್ನು ಉಜ್ಜಿ ನುಣುಪು ಮಾಡುವುದು ಇದಕ್ಕೆ ತಕ್ಕ ವಿಧಾನ. ಗಟ್ಟೆಯ ಮೇಲಿನ ಕಟ್ಟಡಗಳಿಗೆ ಮರ ಕೂಡದು. ರಟ್ಟು ಅಥವಾ ತೆಳುವಾದ ಪ್ಲಾಸ್ಟಿಕ್ ಹಾಳೆ ಸಾಕು. ಹೊಗೆಗೂಡು, ಫಿರಂಗಿಯ ನಳಿಗೆಯಂತಹ ದುಂಡು ಭಾಗಗಳನ್ನು ಕಡೆಯಲು ಚನ್ನಪಟ್ಟಣದ ಬೊಂಬೆಗಾರರು ಬಳಸುವ ಆಲೆಮರ ಉತ್ತಮ. ನಯವಾಗಿ ಕಡೆಸಿಕೊಳ್ಳುವುದು, ಸಿಬಿರೇಳುವುದಿಲ್ಲ.

ಮಾದರಿ ಸಿದ್ಧವಾದ ಮೇಲೆ ನೌಕಾಶಾಲೆಗಳಲ್ಲಿ ಮಾಡುವ ಓಲಿಕೆಯ ಪರೀಕ್ಷೆಯನ್ನು ಮನೆಯ ತೊಟ್ಟಿಯಲ್ಲಿಯೇ ಮಾಡಬಹುದು. ಗಟ್ಟೆಯ ನಡುಗೆರೆಯ ಮೇಲೆ ಹತ್ತು ಗ್ರಾಮಿನ ಬೊಟ್ಟೊಂದನ್ನು ಇಡಿರಿ. ಅದೂ ಸೇರಿ ಒಟ್ಟು ತೂಕ 600 ಗ್ರಾಮ್ ಇರಲಿ. ಹುಲ್ಲುಕಡ್ಡಿಯೊಂದನ್ನು ನಿಲ್ಲಿಸಿ ಹತ್ತು ಸೆಂಟಿಮೀಟರ್ ಉದ್ದದ ದಾರವನ್ನು ತೂಗುಬಿಡಿರಿ. ಈಗ ಬೊಟ್ಟನ್ನು ಮೂರು ಸೆಂಟಿಮೀಟರ್ ಪಕ್ಕಕ್ಕೆ ಸರಿಸಿದರೆ ಹಡಗು ಓಲುವುದು, ದಾರದ ತುದಿ ಸರಿಯುವುದು. ಅದು 8 ಮಿಲಿಮೀಟರ್ ಸರಿಯಿತೆನ್ನಿ. ಹತ್ತನ್ನು ಮೂರರಿಂದ ಗುಣಿಸಿ 600ರಿಂದ ಭಾಗಿಸಿದರೆ 0.05, ದಾರದ ಸರಿತವನ್ನು ಅದರ ಉದ್ದದಿಂದ ಭಾಗಿಸಿದರೆ 0.08; ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 0.62 ಸೆಂಟಿಮೀಟರ್. ಗುರುತ್ವಕೇಂದ್ರವು ಮೆಟಾಸೆಂಟರಿಗಿಂತ ಕೆಳಗೆ ಇರುವುದು ಇಷ್ಟೇ. ನಿಜವಾದ ಹಡಗಿನ ಪ್ರಮಾಣದಲ್ಲಿ 62 ಸೆಂಟಿಮೀಟರ್. ಅದೇ ಬೊಟ್ಟನ್ನು ಗಟ್ಟೆಯಿಂದ ತೆಗೆದು ಚಾಲಕಮಂಟಪದ ನೆತ್ತಿಗೆ ಏರಿಸಿ, ಇನ್ನೊಂದು ಬೊಟ್ಟಿನಿಂದ ಮತ್ತೆ ಅಳೆದು ನೋಡಿರಿ. ಪಠ್ಯಪುಸ್ತಕದ ಹತ್ತು ಪುಟಗಳು ಹೇಳದುದನ್ನು ಆ ದಾರದ ತುದಿ ಹೇಳುವುದು.

ಮಾದರಿಯನ್ನು ಓಡಿಸಬೇಕೆನ್ನುವವರು ಇಂಗ್ಲೆಂಡಿನ ವಿಲಿಯಂ ಫ್ರೂಡ್ ಅವರು 1870ರ ದಶಕದಲ್ಲಿ ಮಾದರಿಗಳನ್ನು ತೊಟ್ಟಿಯಲ್ಲಿ ಎಳೆದು ಸ್ಥಾಪಿಸಿದ ನಿಯಮವನ್ನು ತಿಳಿದಿರಬೇಕು. ಅಲೆಗಳ ಆಕಾರ ಸರಿಹೊಂದಬೇಕಾದರೆ ವೇಗವನ್ನು ಪ್ರಮಾಣದ ವರ್ಗಮೂಲದಷ್ಟು ಮಾತ್ರ ಇಳಿಸಬೇಕು. ನೂರರ ವರ್ಗಮೂಲ ಹತ್ತು. 30 ನಾಟ್ ಓಡುತ್ತಿದ್ದ ನೌಕೆಯ ಮಾದರಿ 3 ನಾಟ್, ಎಂದರೆ ಗಂಟೆಗೆ ಐದೂವರೆ ಕಿಲೋಮೀಟರ್ ಓಡಬೇಕು. ದಡದಲ್ಲಿ ಬಿರುಸಾಗಿ ನಡೆಯುವವನು ಅದರೊಡನೆ ಸಾಗಬಹುದು. ಓಲಾಟದ ಕಾಲವೂ ಹಾಗೆಯೇ ಹತ್ತು ಪಟ್ಟು ಚುರುಕಾಗುವುದು. ಚಲನಚಿತ್ರಗಳಲ್ಲಿ ಮಾದರಿ ಹಡಗುಗಳನ್ನು ನಿಜದವೆಂದು ನಂಬಿಸಲು ಯಂತ್ರವನ್ನು ಬಹು ವೇಗವಾಗಿ ಓಡಿಸಿ ಚಿತ್ರ ತೆಗೆಯುವುದು ಈ ಕಾರಣದಿಂದ. ಜಪಾನಿನ ತ್ಸುಬುರಾಯಾ ಐಜಿ ಅವರು 1942ರಲ್ಲಿಯೇ ಹವಾಯಿ ಮತ್ತು ಮಲಯಾ ಕದನಗಳ ಚಿತ್ರದಲ್ಲಿ ಮಾದರಿಗಳಿಂದ ಸಮುದ್ರಯುದ್ಧವನ್ನು ತೋರಿಸಿದ್ದರು.

ಕೊನೆಯದಾಗಿ ರೂಪದ ಮಾತು. ಎರಡು ರೂಪಗಳಲ್ಲಿ ಯಾವುದನ್ನು ಕಟ್ಟಬೇಕೆಂದು ಕೇಳಿದರೆ, ಮೊದಲನೆಯದನ್ನೇ ಎನ್ನುವೆವು. ಅದಕ್ಕೆ ಆಧಾರಗಳು ಕಡಮೆಯೆಂಬುದು ನಿಜ. ಮೂರು ವಾರ ಬಾಳದ ರೂಪಕ್ಕೆ ಛಾಯಾಚಿತ್ರಗಳು ಎಷ್ಟಿದ್ದಾವು? ಆದರೆ ಚಿದೊರಿಯು 1933ರ ನವೆಂಬರಿನಲ್ಲಿಯೇ ಮುಗಿದಿದ್ದಿತು. ಅದರ ಚಿತ್ರಗಳನ್ನು ಜೊತೆಗಿಟ್ಟುಕೊಂಡು ತುಂಬಿಕೊಳ್ಳಬಹುದು. ಮಗುಚಿದ ತೊಮೊಜುರುವಿನ ಛಾಯಾಚಿತ್ರಗಳೂ ಉಳಿದಿವೆ. ಬೇರೆ ಹಡಗುಗಳ ಮಾದರಿಕಾರರಿಗೆ ನೀರಿನ ಕೆಳಗಿನ ಒಡಲು ಕಾಣುವುದೇ ಅಪರೂಪ. ನೂರು ಮಂದಿಯ ಸಾವಿನಿಂದ ಆ ಚಿತ್ರಗಳು ದೊರೆತುವೆಂಬುದನ್ನು ಮಾತ್ರ, ಅವುಗಳ ಮೇಲೆ ಅಳತೆಪಟ್ಟಿಯನ್ನು ಇಡುವವನು ಮರೆಯಲಾರನು. ಫಿರಂಗಿಗಳನ್ನೂ ಮಂಟಪವನ್ನೂ ಕಳಚಿ ತೆಗೆಯುವಂತೆ ಗೂಟಗಳ ಮೇಲೆ ಕೂರಿಸಿದರೆ, ಎರಡನೆಯ ರೂಪದ ಹಗುರವಾದ ಭಾಗಗಳನ್ನೂ ಮಾಡಿಟ್ಟುಕೊಂಡು ಅದೇ ತೊಟ್ಟಿಯಲ್ಲಿ ಎರಡನ್ನೂ ಹೋಲಿಸಿ ನೋಡಬಹುದು. ಒಡಲಿನ ಅಡಿಯೂ ಬದಲಾಗಿದ್ದುದರಿಂದ ಈ ಹೋಲಿಕೆ ಸ್ಥೂಲವಾದುದೇ. ಆದರೂ ದಾರದ ಸರಿತವು ಎಂಟು ಮಿಲಿಮೀಟರಿನಿಂದ ಎಷ್ಟಕ್ಕೆ ಇಳಿಯಿತೆಂಬುದನ್ನು ಮೊದಲ ಸಲ ಓದುವಾಗ ಕೈ ನಡುಗದಂತೆ ನೋಡಿಕೊಳ್ಳಬೇಕು. ಹತ್ತು ಗ್ರಾಮಿನ ಬೊಟ್ಟು ಬಹಳ ಚಿಕ್ಕದು, ಜಾರಿ ನೀರಿಗೆ ಬಿದ್ದರೆ ಮತ್ತೆ ಸಿಕ್ಕುವುದು ಕಷ್ಟ.